ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ

ಮೈಸೂರು ನಗರದ ವಾಯವ್ಯ ಭಾಗದಲ್ಲಿರುವ ಕುಂಬಾರಕೊಪ್ಪಲಿನ ಹೆಸರೇ ಅದರ ಹುಟ್ಟನ್ನು ಹೇಳುತ್ತದೆ. ಕುಂಬಾರರು ನೆಲೆಸಿದ ಕೊಪ್ಪಲು ಅದು. ನಗರ ಬೆಳೆದು ಊರನ್ನು ತನ್ನೊಳಗೆ ಸೇರಿಸಿಕೊಂಡ ಮೇಲೂ ಹೆಸರು ಮಾತ್ರ ಉಳಿದುಕೊಂಡಿದೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನಮ್ಮ ಮನೆಗಳ ಹಿರಿಯ ತಾಯಂದಿರು ಮಡಕೆ ಕೊಳ್ಳುತ್ತಿದ್ದ ರೀತಿ ನಮಗೆ ನೆನಪಾಗುತ್ತದೆ. ಮಡಕೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಕಣಕಣನೆ ನಾದ ಬಂದರೆ ಮಡಕೆ ಗಟ್ಟಿ. ಸದ್ದು ಮಂಕಾಗಿ ಬಂದರೆ ಕಣ್ಣಿಗೆ ಕಾಣದ ಬಿರುಕೊಂದು ಎಲ್ಲೋ ಇದೆಯೆಂದೇ ಅರ್ಥ. ಮಾರುವವನು ಎಷ್ಟೇ ಬಲ್ಲವನಾಗಿರಲಿ, ಎಷ್ಟೇ ಒಳ್ಳೆಯವನಾಗಿರಲಿ, ತಟ್ಟಿ ನೋಡದೆ ಕೊಳ್ಳುತ್ತಿರಲಿಲ್ಲ. ಅದರಿಂದ ಅವನಿಗೂ ಬೇಸರವಾಗುತ್ತಿರಲಿಲ್ಲ. ಪರೀಕ್ಷೆ ಅವಮಾನವಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ನಾಲ್ಕು ಕಾಸಿನ ಮಡಕೆಯನ್ನು ತಟ್ಟಿ ನೋಡುವ ನಾವು, ಸಾವಿರಾರು ಮನೆಗಳ ದೀಪ ಆರಿಸಬಲ್ಲ ಯುದ್ಧದ ಮಾತು ಬಂದಾಗ ಅದರ ಕಾರಣವನ್ನು ತಟ್ಟಿ ನೋಡುತ್ತೇವೆಯೇ? ಈ ತಿಂಗಳು ಈ ಪ್ರಶ್ನೆಯನ್ನು ಓದುಗ ಬಂಧುಗಳ ಮುಂದಿಡಬೇಕೆಂದು ನಮಗೆ ಅನಿಸಿದೆ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯನ್ನು ಅರಿಯದವರಿಲ್ಲ. ಯುದ್ಧವೆಂಬುದು ದೊಣ್ಣೆಗಳಲ್ಲೆಲ್ಲ ದೊಡ್ಡ ದೊಣ್ಣೆ. ಅದನ್ನು ಎತ್ತುವ ಮುನ್ನ ಹೇಳುವ ಕಾರಣ ಸತ್ಯವಾಗಿರಬೇಕೆಂಬುದು ರಾಜನೀತಿಯ ಮಾತಷ್ಟೇ ಅಲ್ಲ, ಮನೆಮನೆಯ ಮಾತೂ ಹೌದು. ಏಕೆಂದರೆ ಯುದ್ಧಕ್ಕೆ ಹೋಗುವ ಮಗ ಹೊರಡುವುದು ಯಾವುದೋ ಒಂದು ಮನೆಯ ಹೊಸ್ತಿಲಿನಿಂದಲೇ.

ಇದಕ್ಕೆ ದೂರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಮೈಸೂರಿನಿಂದ ಸುಮಾರು 15 ಕಿಲೋಮೀಟರ್ ದೂರದ ಶ್ರೀರಂಗಪಟ್ಟಣದ ಕೋಟೆಯ ಒಡೆದ ಗೋಡೆಯೇ ಸಾಕ್ಷಿಯಾಗಿ ನಿಂತಿದೆ. 1799ರ ಮೇ 4ರಂದು ಆ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಯುದ್ಧಕ್ಕೆ ಹೇಳಲಾದ ಕಾರಣವೇನು, ಅದು ಎಲ್ಲಿಂದ ಹುಟ್ಟಿತು, ಯಾರು ಯಾರಿಗೆ ಯಾವ ಸುದ್ದಿ ಹೇಳಿದರು ಎಂಬುದನ್ನು ತಿಳಿದವರು ಕಡಿಮೆ. ಟಿಪ್ಪುವಿನ ಆಳ್ವಿಕೆಯ ಗುಣದೋಷಗಳ ಚರ್ಚೆ ಇಲ್ಲಿ ನಮ್ಮ ವಿಷಯವಲ್ಲ. ಸುದ್ದಿಯೊಂದು ಯುದ್ಧವಾಗುವ ಬಗೆಯಷ್ಟೇ ನಮ್ಮ ವಿಷಯ.

1797ರಲ್ಲಿ ಮುರಿದ ಕೂವೆಯ ಹಡಗೊಂದು ಮಂಗಳೂರಿನ ತೀರಕ್ಕೆ ಬಂದು ಸೇರಿತು. ಅದರ ಒಡೆಯ ರಿಪೋ ಎಂಬ ಫ್ರೆಂಚ್ ನಾವಿಕ, ಸಮುದ್ರದಲ್ಲಿ ಶತ್ರುವಿನ ಹಡಗುಗಳನ್ನು ಹಿಡಿದು ಬದುಕುವ ವೃತ್ತಿಯವನು. ಅವನು ಶ್ರೀರಂಗಪಟ್ಟಣಕ್ಕೆ ಬಂದು ತಾನು ಮಾರಿಷಸ್ ದ್ವೀಪದ ಫ್ರೆಂಚ್ ಸರ್ಕಾರದಲ್ಲಿ ದೊಡ್ಡ ಅಧಿಕಾರಿಯೆಂದು ಹೇಳಿಕೊಂಡನು. ಅಲ್ಲಿ 10,000 ಫ್ರೆಂಚ್ ಸೈನಿಕರು ಮೈಸೂರಿನ ನೆರವಿಗೆ ಸಿದ್ಧರಾಗಿ ನಿಂತಿದ್ದಾರೆ, ಕರೆದರೆ ಬರುತ್ತಾರೆ ಎಂದನು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನು ಕಳೆದುಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿ ನೊಂದಿದ್ದ ಸುಲ್ತಾನನಿಗೆ ಬೇಕಾಗಿದ್ದ ಮಾತೇ ಅದಾಗಿತ್ತು. ಆಸ್ಥಾನದ ಮಂತ್ರಿಗಳು ಸಂದೇಹಪಟ್ಟರು. ಈ ಮನುಷ್ಯನ ಮಾತು ಮೊದಲಿನಿಂದ ಕಡೆಯವರೆಗೆ ಸ್ವಾರ್ಥ ಮತ್ತು ಸುಳ್ಳಿನದು ಎಂಬ ಅರ್ಥದ ಎಚ್ಚರಿಕೆಯನ್ನು ಬರಹದಲ್ಲೇ ಕೊಟ್ಟರು. ಆದರೂ ಬೇಕಾದ ಮಾತು ಕಿವಿಗೆ ಬಿದ್ದಾಗ ಬೇಡದ ಎಚ್ಚರಿಕೆ ಮನಸ್ಸಿಗೆ ಇಳಿಯುವುದಿಲ್ಲ. ದೂತರು ಮಾರಿಷಸ್ಸಿಗೆ ಹೊರಟರು.

1798ರ ಜನವರಿಯಲ್ಲಿ ಅಲ್ಲಿಗೆ ಸೇರಿದ ದೂತರಿಗೆ ಕಂಡದ್ದೇನು? 10,000 ಸೈನಿಕರಿರಲಿಲ್ಲ. ಕಳುಹಿಸಿಕೊಡಲು ಒಂದು ಪಡೆಯೂ ಇರಲಿಲ್ಲ. ದೂತರು ವಿಷಯ ಗುಟ್ಟಾಗಿರಲೆಂದು ಬಯಸಿದರೂ, ದ್ವೀಪದ ರಾಜ್ಯಪಾಲ ಮಾಲಾರ್ತಿಕ್ ಅವರನ್ನು ಬಹಿರಂಗವಾಗಿ, ಮರ್ಯಾದೆಗಳೊಡನೆ ಬರಮಾಡಿಕೊಂಡನು. ಜನವರಿ 30ರಂದು ಒಂದು ಪ್ರಕಟಣೆಯನ್ನೂ ಹೊರಡಿಸಿದನು. ಟಿಪ್ಪು ಇಂಗ್ಲಿಷರನ್ನು ಭಾರತದಿಂದ ಓಡಿಸಬಯಸುತ್ತಾನೆ, ಫ್ರೆಂಚರ ನೆರವು ಬಂದ ಕೂಡಲೇ ಯುದ್ಧ ಸಾರುತ್ತಾನೆ, ಇಷ್ಟವುಳ್ಳವರು ಅವನ ಸೇವೆಗೆ ಹೆಸರು ಕೊಡಬಹುದು ಎಂಬುದು ಅದರ ಸಾರ. ಹೆಸರು ಕೊಟ್ಟವರು ನೂರಕ್ಕೂ ಕಡಿಮೆ. ಏಪ್ರಿಲ್ ತಿಂಗಳ ಕೊನೆಯಲ್ಲಿ ಅವರನ್ನು ಹೊತ್ತ ಹಡಗು ಮಂಗಳೂರಿಗೆ ಬಂದಿತು. 10,000 ಎಂದು ಕೇಳಿದ್ದು ಕಣ್ಣಿಗೆ ಕಂಡಾಗ ನೂರೂ ಇರಲಿಲ್ಲ.

ಇಲ್ಲಿಗೆ ಒಂದು ಪಕ್ಷದ ತಪ್ಪು ಸುದ್ದಿಯ ಕಥೆ ಮುಗಿಯಿತು. ಇನ್ನೊಂದು ಪಕ್ಷದ ಕಥೆ ಕಲ್ಕತ್ತದಲ್ಲಿ ಆರಂಭವಾಯಿತು. ಮುಂದೆ ವೆಲ್ಲೆಸ್ಲಿಯೆಂದು ಪ್ರಸಿದ್ಧನಾದ ಲಾರ್ಡ್ ಮಾರ್ನಿಂಗ್ಟನ್ 1798ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಆಗಿ ಅಲ್ಲಿ ಇಳಿದನು. ದಾರಿಯಲ್ಲಿ ಆಫ್ರಿಕದ ಕೇಪಿನಲ್ಲಿ ತಂಗಿದ್ದಾಗಲೇ ಭಾರತದಲ್ಲಿ ಫ್ರೆಂಚರ ಪ್ರಭಾವವನ್ನು ಅಡಗಿಸಬೇಕೆಂದು ಲಂಡನ್ನಿಗೆ ಪತ್ರ ಬರೆದಿದ್ದನು. ಕಲ್ಕತ್ತದಲ್ಲಿ ಜೂನ್ 8ರಂದು ಮಾಲಾರ್ತಿಕನ ಪ್ರಕಟಣೆ ಪತ್ರಿಕೆಯಲ್ಲಿ ಅವನ ಕಣ್ಣಿಗೆ ಬಿದ್ದಿತು. ಮೊದಲು ಅದು ನಿಜವೋ ಅಲ್ಲವೋ ಎಂದು ಅವನೇ ಸಂಶಯಪಟ್ಟನು. ಹತ್ತು ದಿನಗಳಲ್ಲಿ ಕೇಪಿನಿಂದ ದೃಢೀಕರಣ ಬಂದಿತು. ಕೂಡಲೇ ಮದರಾಸಿನಲ್ಲಿದ್ದ ಜನರಲ್ ಹ್ಯಾರಿಸನಿಗೆ ಸೈನ್ಯವನ್ನು ಕೂಡಿಸುವಂತೆ ಆಜ್ಞೆ ಹೋಯಿತು.

ಈ ಪ್ರಕಟಣೆಗೆ ಅಷ್ಟು ಬೆಲೆ ಏಕೆ ಬಂದಿತೆಂಬುದನ್ನು ಗಮನಿಸಬೇಕು. ಭಾರತದಲ್ಲಿ ರಾಜ್ಯವಿಸ್ತಾರಕ್ಕಾಗಿ ಯುದ್ಧ ಮಾಡುವುದು ಬ್ರಿಟಿಷ್ ರಾಷ್ಟ್ರದ ಇಚ್ಛೆಗೂ ಗೌರವಕ್ಕೂ ವಿರುದ್ಧವೆಂದು 1784ರ ಪಿಟ್ಟನ ಕಾಯಿದೆಯಲ್ಲಿ ಅಲ್ಲಿನ ಪಾರ್ಲಿಮೆಂಟೇ ಬರೆದಿತ್ತು. ಲಂಡನ್ನಿನ ಅಪ್ಪಣೆಯಿಲ್ಲದೆ ಗವರ್ನರ್ ಜನರಲ್ ಯುದ್ಧ ಹೂಡಬೇಕಾದರೆ ಎದುರಾಳಿಯೇ ದಾಳಿ ಮಾಡಿರಬೇಕು, ಇಲ್ಲವೆ ಅದಕ್ಕೆ ಸಿದ್ಧತೆ ನಡೆಸಿರಬೇಕಾಗಿತ್ತು. ಆದುದರಿಂದ ಎದುರಾಳಿ ಸಿದ್ಧನಾಗುತ್ತಿದ್ದಾನೆ ಎಂಬುದಕ್ಕೆ ಪುರಾವೆ ಬೇಕಾಗಿತ್ತು. ಕಾಗದವೊಂದು ಕೈಗೆ ಸಿಕ್ಕಿತು. ಬಂದಿಳಿದ ನೆರವು ಅತ್ಯಲ್ಪವೆಂಬುದು ಮಾರ್ನಿಂಗ್ಟನ್ನನಿಗೂ ತಿಳಿದಿತ್ತು. ಆದರೆ ನೆರವು ಅಲ್ಪವಾದದ್ದು ಸುಲ್ತಾನನ ಪ್ರಯತ್ನ ಫಲಿಸದಿದ್ದುದರಿಂದ, ಉದ್ದೇಶ ಅಲ್ಪವಾಗಿದ್ದುದರಿಂದ ಅಲ್ಲ ಎಂದು ಅವನು ಆಗಸ್ಟ್ ತಿಂಗಳ ತನ್ನ ದೀರ್ಘ ಟಿಪ್ಪಣಿಯಲ್ಲಿ ವಾದಿಸಿದನು. ಕೈಯಲ್ಲಿ ಆಯುಧ ಸಿಗದಿದ್ದರೇನು, ಮನಸ್ಸಿನಲ್ಲಿ ಇತ್ತಲ್ಲ ಎಂಬ ವಾದ ಅದು. ಮನಸ್ಸಿನೊಳಗಿನ ಉದ್ದೇಶವನ್ನೇ ಯುದ್ಧಕ್ಕೆ ಸಾಕಾದ ಪುರಾವೆಯೆಂದು ಒಪ್ಪಿದರೆ, ಯಾವ ನೆರೆಯವನ ಮೇಲೂ ಯಾವ ದಿನವೂ ದೊಣ್ಣೆ ಎತ್ತಬಹುದು.

ಆ ಕಡೆಯಲ್ಲೂ ಎಚ್ಚರಿಕೆ ಹೇಳುವವರು ಇದ್ದರು. ಮದರಾಸು ಸರ್ಕಾರದ ಕಾರ್ಯದರ್ಶಿಯಾಗಿದ್ದ ಜೋಸಿಯಾ ವೆಬ್ ಎಂಬಾತನು, ಬೊಕ್ಕಸದಲ್ಲಿ ಹಣವಿಲ್ಲ, ಸೈನ್ಯ ಸಿದ್ಧವಿಲ್ಲ, ಅವಸರದ ಈ ಯುದ್ಧ ಅನಾಹುತಕ್ಕೆ ಕಾರಣವಾದೀತು ಎಂದು ದೀರ್ಘವಾಗಿ ಬರೆದನು. ಅವನ ಮಾತು ನಡೆಯಲಿಲ್ಲ. ಮುಂದೆ ಅವನೇ ಮೈಸೂರಿನ ರೆಸಿಡೆಂಟನಾಗಿ ಬಂದನು. ಅವನು ತೀರಿಕೊಂಡ ಮೇಲೆ ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದ ಸಮೀಪದಲ್ಲಿ ಅವನ ನೆನಪಿಗೆ ಕಲ್ಲಿನ ಸ್ತಂಭವನ್ನು ನಿಲ್ಲಿಸಿದರು. ಯುದ್ಧ ಬೇಡವೆಂದವನ ಸ್ಮಾರಕವೂ ಯುದ್ಧದಲ್ಲಿ ಒಡೆದ ಕೋಟೆಯೂ ಒಂದೇ ಸೀಮೆಯಲ್ಲಿ ಇರುವುದು ಕಾಲದ ವಿಚಿತ್ರ.

ಈ ನಡುವೆ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ ಸುದ್ದಿ ಬಂದು ಇಂಗ್ಲಿಷರ ಅಂಜಿಕೆ ಹೆಚ್ಚಿತು. ಅಷ್ಟರಲ್ಲೇ ನೈಲ್ ನದಿಯ ಮುಖದಲ್ಲಿ ಫ್ರೆಂಚ್ ನೌಕಾಪಡೆ ನಾಶವಾದ ಸುದ್ದಿಯೂ ಕಲ್ಕತ್ತಕ್ಕೆ ಬಂದಿತು. ಅಪಾಯ ದೂರವಾಯಿತು. ಆದರೆ ಯುದ್ಧದ ಸಿದ್ಧತೆ ನಿಲ್ಲಲಿಲ್ಲ. ನವೆಂಬರಿನಲ್ಲಿ ಟಿಪ್ಪುವಿಗೆ ಪತ್ರ ಹೋಯಿತು. ಉತ್ತರವಾಗಿ ಸುಲ್ತಾನನು, ವ್ಯಾಪಾರಿಗಳ ಹಡಗೊಂದು ಅಕ್ಕಿ ತುಂಬಿಕೊಂಡು ಮಾರಿಷಸ್ಸಿಗೆ ಹೋಗಿತ್ತು, ಹಿಂದಿರುಗುವಾಗ ಕೆಲಸ ಹುಡುಕಿಕೊಂಡು ನಲವತ್ತು ಜನ ಅದರಲ್ಲಿ ಬಂದರು ಎಂದು ಬರೆದನು. ಅದೂ ಪೂರ್ಣ ಸತ್ಯವಾಗಿರಲಿಲ್ಲ. ದೂತರನ್ನು ಕಳುಹಿಸಿದ್ದವನು ಅವನೇ. ಹೀಗೆ ಒಬ್ಬನು ಇದ್ದುದನ್ನು ಮರೆಮಾಡಿದನು, ಇನ್ನೊಬ್ಬನು ಇದ್ದುದನ್ನು ಹಿಗ್ಗಿಸಿದನು. ನಡುವೆ ನಿಜವೆಂಬುದು ತಬ್ಬಲಿಯಾಯಿತು.

ಮುಂದಿನ ದಿನಾಂಕಗಳೇ ಕಥೆ ಹೇಳುತ್ತವೆ. 1799ರ ಜನವರಿ 9ರಂದು ಬರೆದ ಪತ್ರದಲ್ಲಿ, ತಲುಪಿದ ಒಂದು ದಿನದೊಳಗೆ ಉತ್ತರ ಕೊಡಬೇಕೆಂದು ತಾಕೀತು ಇತ್ತು. ಫೆಬ್ರವರಿ 3ರಂದು ಸೈನ್ಯಕ್ಕೆ ಹೊರಡಲು ಆಜ್ಞೆಯಾಯಿತು. ಟಿಪ್ಪುವಿನ ಉತ್ತರ ಕೈಸೇರಿದ್ದು ಫೆಬ್ರವರಿ 13ರಂದು. ಯುದ್ಧದ ಘೋಷಣೆ ಹೊರಟದ್ದು ಫೆಬ್ರವರಿ 22ರಂದು. ಉತ್ತರ ಬರುವ ಮುನ್ನವೇ ತೀರ್ಪು ಆಗಿಹೋಗಿತ್ತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಸಾವಿರಾರು ಜನ ಸತ್ತರು. ಆ ರಾತ್ರಿ ಊರು ಲೂಟಿಯಾಯಿತು. ಅನಂತರ ಅರಮನೆಯಲ್ಲಿ ಸಿಕ್ಕ ಕಾಗದಪತ್ರಗಳನ್ನು ಭಾಷಾಂತರಿಸಿ ಅದೇ ವರ್ಷ ಅಚ್ಚುಹಾಕಿಸಿದರು. ಶಿಕ್ಷೆ ಮೊದಲು, ಸಾಕ್ಷಿಯ ಹುಡುಕಾಟ ಆಮೇಲೆ. ಆ ಯುದ್ಧದ ಸಮರ್ಥನೆಯನ್ನು ಬ್ರಿಟಿಷರೇ ಆದ ಜೇಮ್ಸ್ ಮಿಲ್ಲರಂಥ ಇತಿಹಾಸಕಾರರು 1817ರಷ್ಟು ಹಿಂದೆಯೇ ಪ್ರಶ್ನಿಸಿದರು. ಆದರೆ ಪ್ರಶ್ನೆ ಬಂದಾಗ ಕೋಟೆ ಬಿದ್ದು ಹದಿನೆಂಟು ವರ್ಷಗಳಾಗಿದ್ದವು.

ಶ್ರೀರಂಗಪಟ್ಟಣದ ಈ ಪಾಠವನ್ನು ಲೋಕ ಕಲಿತಿತೇ? ಎರಡು ಶತಮಾನಗಳ ಬಳಿಕ ಇರಾಕಿನಲ್ಲಿ ನಡೆದದ್ದನ್ನು ನೋಡಿದರೆ ಇಲ್ಲವೆನ್ನಬೇಕಾಗುತ್ತದೆ. 2002ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಪ್ರಕಟಿಸಿದ ಪುಸ್ತಿಕೆಯಲ್ಲಿ, ಇರಾಕು ಆಜ್ಞೆಯಾದ 45 ನಿಮಿಷಗಳೊಳಗೆ ರಾಸಾಯನಿಕ ಅಸ್ತ್ರಗಳನ್ನು ಪ್ರಯೋಗಿಸಬಲ್ಲದೆಂಬ ಮಾತಿತ್ತು. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ, ರೋಗಾಣುಗಳನ್ನು ತಯಾರಿಸುವ ಸಂಚಾರಿ ಪ್ರಯೋಗಾಲಯಗಳು ಇರಾಕಿನಲ್ಲಿವೆ ಎಂದು ಚಿತ್ರಸಹಿತ ವಿವರಿಸಿದರು. ವಿಶ್ವಸಂಸ್ಥೆಯ ತಪಾಸಣಾಧಿಕಾರಿ ಹ್ಯಾನ್ಸ್ ಬ್ಲಿಕ್ಸ್ ತಮ್ಮ ಕೆಲಸ ಮುಗಿಯಲು ಇನ್ನೂ ಕೆಲವು ತಿಂಗಳು ಬೇಕೆಂದು ಮಾರ್ಚ್ 7ರಂದು ಹೇಳಿದರು. ಮಾರ್ಚ್ 20ರಂದು ಯುದ್ಧವೇ ಆರಂಭವಾಯಿತು. ಇಲ್ಲೂ ಉತ್ತರ ಬರುವ ಮುನ್ನವೇ ಸೈನ್ಯ ಹೊರಟಿತ್ತು.

ಹುಡುಕಿದಾಗ ಸಿಕ್ಕದ್ದೇನು? ಅಮೆರಿಕವೇ ಕಳುಹಿಸಿದ ಶೋಧಕರ ತಂಡ 2004ರ ವರದಿಯಲ್ಲಿ ಅಂಥ ಅಸ್ತ್ರಗಳ ಸಂಗ್ರಹವಿಲ್ಲವೆಂದಿತು. ಸಂಚಾರಿ ಪ್ರಯೋಗಾಲಯಗಳ ಕಥೆಯ ಮೂಲ ಜರ್ಮನಿಯಲ್ಲಿ ಆಶ್ರಯ ಬಯಸಿ ಬಂದಿದ್ದ ಒಬ್ಬ ಇರಾಕಿ. ಗೂಢಚಾರರು ಅವನಿಗೆ ಇಟ್ಟಿದ್ದ ಗುಪ್ತನಾಮ ಕರ್ವ್‌ಬಾಲ್. ಅವನನ್ನು ವಿಚಾರಿಸಿದ್ದ ಜರ್ಮನಿಯವರಿಗೇ ಅವನ ಮೇಲೆ ಸಂದೇಹವಿತ್ತು. ತಾನು ಹೇಳಿದ್ದು ಸುಳ್ಳೆಂದು ಅವನೇ 2011ರಲ್ಲಿ ಒಪ್ಪಿಕೊಂಡನು. ಮಂಗಳೂರಿಗೆ ಬಂದಿಳಿದ ರಿಪೋಗೂ ಇವನಿಗೂ ಎಷ್ಟು ಹೋಲಿಕೆ! ಇಬ್ಬರೂ ಆಶ್ರಯ ಬೇಕಾದವರು. ಇಬ್ಬರೂ ಕೇಳುವವನಿಗೆ ಬೇಕಾದ ಮಾತನ್ನೇ ಹೇಳಿದವರು. ಇಬ್ಬರ ವಿಷಯದಲ್ಲೂ ಎಚ್ಚರಿಸಿದವರಿದ್ದರು.

ಒಬ್ಬನ ಮಾತು ಹಲವರ ಸಾಕ್ಷಿಯಂತೆ ಕಾಣುವ ಬಗೆ ನಮ್ಮ ಮನೆಗಳಲ್ಲಿಯೂ ಇದೆ. ಕೆಲವು ವರ್ಷಗಳ ಹಿಂದೆ ನಮ್ಮ ಬಳಗದ ಒಂದು ಮನೆಯವರು ಮಗಳಿಗೆ ಬಂದ ಸಂಬಂಧವನ್ನು ವಿಚಾರಿಸಲು ಹೊರಟರು. ಮೂರು ಊರುಗಳಲ್ಲಿ ಮೂವರನ್ನು ಕೇಳಿದರು. ಹುಡುಗನಿಗೆ ಸಾಲವಿದೆ, ನಡತೆಯೂ ಸರಿಯಿಲ್ಲ ಎಂದು ಮೂವರೂ ಹೇಳಿದರು. ಮೂರು ಕಡೆ ಒಂದೇ ಮಾತು ಬಂದ ಮೇಲೆ ಇನ್ನೇನು ಎಂದು ಸಂಬಂಧವನ್ನು ಬಿಟ್ಟರು. ವರ್ಷ ಕಳೆದ ಮೇಲೆ ತಿಳಿದದ್ದೇನೆಂದರೆ, ಆ ಮೂವರಿಗೂ ಹೇಳಿದವನು ಒಬ್ಬನೇ, ಅವನಿಗೆ ಹುಡುಗನ ತಂದೆಯೊಡನೆ ಜಮೀನಿನ ವ್ಯಾಜ್ಯವಿತ್ತು. ಮೂರು ಸಾಕ್ಷಿಗಳೆಂದು ಎಣಿಸಿದ್ದು ಒಂದು ಬಾಯಿಯ ಮೂರು ಪ್ರತಿಧ್ವನಿ. ರಾಜ್ಯಗಳ ಗುಪ್ತವಾರ್ತೆಯಲ್ಲಿ ನಡೆಯುವ ದೊಡ್ಡ ತಪ್ಪೂ ಬಹುಮಟ್ಟಿಗೆ ಇದೇ. ಒಬ್ಬನ ಮಾತು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮತ್ತೊಂದು ದೇಶಕ್ಕೆ ಹೋಗಿ, ತಿರುಗಿ ಬರುವಷ್ಟರಲ್ಲಿ ಹಲವರ ಮಾತಾಗಿರುತ್ತದೆ. ಅದರ ಜೊತೆ ಬಂದಿದ್ದ 'ಇರಬಹುದು', 'ಖಚಿತವಿಲ್ಲ' ಎಂಬ ಪದಗಳು ದಾರಿಯಲ್ಲಿ ಉದುರಿಹೋಗಿರುತ್ತವೆ. 2004ರಲ್ಲಿ ಬ್ರಿಟನ್ನಿನ ಬಟ್ಲರ್ ಸಮಿತಿ ಕಂಡುಕೊಂಡದ್ದೂ ಇದನ್ನೇ. ಗುಪ್ತವಾರ್ತೆಯ ಮಿತಿಗಳನ್ನು ಜನರಿಗೆ ಸಾಕಷ್ಟು ಸ್ಪಷ್ಟವಾಗಿ ತಿಳಿಸಿರಲಿಲ್ಲ. 2016ರ ಜುಲೈನಲ್ಲಿ ಹೊರಬಂದ ಚಿಲ್ಕಾಟ್ ವರದಿಯು, ಶಾಂತಿಯ ದಾರಿಗಳೆಲ್ಲ ಮುಗಿಯುವ ಮುನ್ನವೇ ಯುದ್ಧಕ್ಕೆ ಇಳಿಯಲಾಯಿತು, ಇಲ್ಲದ ಖಚಿತತೆಯನ್ನು ಇದೆಯೆಂದು ತೋರಿಸಲಾಯಿತು ಎಂದು ಹೇಳಿತು. ಅಷ್ಟರಲ್ಲಿ ಲಕ್ಷಕ್ಕೂ ಮಿಕ್ಕಿ ಇರಾಕಿ ನಾಗರಿಕರು ಸತ್ತಿದ್ದರು. 179 ಬ್ರಿಟಿಷ್ ಸೈನಿಕರ ಮನೆಗಳಲ್ಲಿ ತಾಯಂದಿರು ಆ ವರದಿಯನ್ನು ಓದಬೇಕಾಯಿತು.

ಈ ವಿಷಯದಲ್ಲಿ ನಮ್ಮ ದೇಶ ತೋರಿದ ವಿವೇಕವನ್ನು ನೆನೆಯುವುದು ನ್ಯಾಯ. 2003ರ ಏಪ್ರಿಲ್‌ನಲ್ಲಿ ಲೋಕಸಭೆಯು ಪಕ್ಷಭೇದವಿಲ್ಲದೆ ಆ ಯುದ್ಧವನ್ನು ನಿಂದಿಸುವ ನಿರ್ಣಯವನ್ನು ಅಂಗೀಕರಿಸಿತು. ಇರಾಕಿಗೆ ಸೈನ್ಯ ಕಳುಹಿಸಬೇಕೆಂದು ಅಮೆರಿಕ ಕೋರಿದಾಗ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳುಹಿಸಲಾಗದೆಂದು ವಾಜಪೇಯಿಯವರ ಸರ್ಕಾರ ಜುಲೈ 14ರಂದು ತೀರ್ಮಾನಿಸಿತು. ಮಡಕೆಯನ್ನು ತಟ್ಟಿ ನೋಡಿ, ಸದ್ದು ಸರಿಯಿಲ್ಲವೆಂದು ಕೆಳಗಿಟ್ಟ ಹಾಗೆ. ಅಂದು ಆ ತೀರ್ಮಾನವಾಗದಿದ್ದರೆ ಕೊಡಗಿನ, ಬೆಳಗಾವಿಯ, ಧಾರವಾಡದ ಎಷ್ಟು ಮನೆಗಳ ಮಕ್ಕಳು ತಮ್ಮದಲ್ಲದ ಯುದ್ಧಕ್ಕೆ ಹೋಗಬೇಕಾಗುತ್ತಿತ್ತೋ!

ಇಷ್ಟು ಓದಿದ ಮೇಲೆ, ಹಾಗಾದರೆ ಆಳುವವರ ಮಾತನ್ನು ಎಂದೂ ನಂಬಬಾರದು ಎಂದು ಯಾರಾದರೂ ತೀರ್ಮಾನಿಸಿದರೆ ಅದೂ ತಪ್ಪಾದೀತು. ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿಯೇ ಇದೆ. ಸುಳ್ಳು ಕಾರಣದ ಯುದ್ಧ ಮಾಡುವ ಕೇಡು ಎರಡು ಬಗೆಯದು. ಒಂದು, ಆ ಯುದ್ಧದಲ್ಲಿ ಸಾಯುವವರು. ಇನ್ನೊಂದು, ಮುಂದೆ ನಿಜವಾದ ಅಪಾಯ ಬಂದಾಗ ಯಾರೂ ನಂಬದಿರುವುದು. 'ತೋಳ ಬಂತು ತೋಳ' ಎಂದು ಕೂಗಿದ ಹುಡುಗನ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಆ ಕಥೆಯಲ್ಲಿ ಕೊನೆಗೆ ತೋಳ ನಿಜವಾಗಿಯೂ ಬಂದಿತೆಂಬುದನ್ನು ಮರೆಯುತ್ತೇವೆ.

2013ರ ಆಗಸ್ಟ್ 21ರಂದು ಸಿರಿಯಾದ ಘೂಟಾದಲ್ಲಿ ವಿಷಾನಿಲದಿಂದ ನೂರಾರು ಜನ, ಮಕ್ಕಳೂ ಸೇರಿದಂತೆ, ಸತ್ತರು. ಬ್ರಿಟಿಷ್ ಸರ್ಕಾರ ಗುಪ್ತವಾರ್ತೆಯ ಸಾರವನ್ನು ಪಾರ್ಲಿಮೆಂಟಿನ ಮುಂದಿಟ್ಟಿತು. ಇರಾಕಿನ ನೆನಪು ಸಭೆಯ ಮೇಲೆ ಕವಿದಿತ್ತು. ಆಗಸ್ಟ್ 29ರಂದು 272ರ ಎದುರು 285 ಮತಗಳಿಂದ ಸರ್ಕಾರದ ಸೂಚನೆ ಬಿದ್ದುಹೋಯಿತು. ಸೈನಿಕ ಕ್ರಮ ಸರಿಯಿತ್ತೋ ಇಲ್ಲವೋ ಅದು ಬೇರೆ ಮಾತು. ಆದರೆ ಅಲ್ಲಿ ವಿಷಾನಿಲದ ಪ್ರಯೋಗವಾದದ್ದು ನಿಜವೆಂದು ವಿಶ್ವಸಂಸ್ಥೆಯ ಪರೀಕ್ಷಕರು ಮುಂದೆ ದೃಢಪಡಿಸಿದರು.

2022ರಲ್ಲಿ ಇದು ನಮ್ಮ ನಾಡಿನ ಮನೆಬಾಗಿಲಿಗೂ ಬಂದಿತು. ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಗಲಿದೆ ಎಂದು ಅಮೆರಿಕದ ಗುಪ್ತಚರರು ತಿಂಗಳುಗಟ್ಟಲೆ ಬಹಿರಂಗವಾಗಿ ಹೇಳಿದರು. ಇರಾಕಿನ ಬಗ್ಗೆ ಹೇಳಿದವರೇ ಅಲ್ಲವೇ ಎಂದು ಲೋಕದ ಬಹುಮಂದಿ ತಲೆಯಾಡಿಸಿದರು. ಈ ಸಲದ ಮಾತು ಮಾತ್ರ ನಿಜವಾಗಿತ್ತು. ಉಕ್ರೇನಿನಲ್ಲಿ ಭಾರತದ ಸುಮಾರು 20,000 ಜನರಿದ್ದರು, ಹೆಚ್ಚಿನವರು ವೈದ್ಯಕೀಯ ವಿದ್ಯಾರ್ಥಿಗಳು. ಅಲ್ಲಿ ಇರುವುದು ಅಗತ್ಯವಿಲ್ಲದವರು ಸದ್ಯಕ್ಕೆ ಹೊರಡಬಹುದೆಂದು ನಮ್ಮ ರಾಯಭಾರ ಕಚೇರಿ ಫೆಬ್ರವರಿ 15ರಂದು ಸೂಚಿಸಿತು. ತರಗತಿಗಳು ನಡೆಯುತ್ತಿದ್ದವು, ವಿಮಾನದ ದರ ಏರಿತ್ತು, ಯುದ್ಧ ಬಂದೇ ಬರುವುದೆಂದು ನಂಬಿದವರು ಕಡಿಮೆ. ಫೆಬ್ರವರಿ 24ರಂದು ಬಾಂಬುಗಳು ಬಿದ್ದವು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ನಡೆದ ದಾಳಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿ ಮಡಿದನು. ಆ ಸಾವಿಗೆ ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ, ಹಾಗೆ ಹೇಳುವುದು ಅನ್ಯಾಯ. ಆದರೆ ಎಚ್ಚರಿಕೆಯ ಮಾತಿಗೆ ಇರಬೇಕಾಗಿದ್ದ ತೂಕ ಆ ಹೊತ್ತಿಗೆ ಉಳಿದಿರಲಿಲ್ಲವೆಂಬುದು ಸತ್ಯ. ವರ್ಷಗಳ ಹಿಂದೆ ಬೇರೆಲ್ಲೋ ಒಡೆದ ನಂಬಿಕೆಯ ಚೂರು ಎಲ್ಲೋ ದೂರದಲ್ಲಿ, ಏನೂ ಅರಿಯದ ಮನೆಯೊಂದರ ಕಾಲಿಗೆ ಚುಚ್ಚಬಲ್ಲದು.

ಆದುದರಿಂದ ತಿರುಗಿ ಮಡಕೆಯ ಮಾತಿಗೇ ಬರೋಣ. ಎಲ್ಲವನ್ನೂ ನಂಬುವುದೂ ಮೂಢತನ, ಏನನ್ನೂ ನಂಬದಿರುವುದೂ ಮೂಢತನ. ತಟ್ಟಿ ನೋಡಿ ಕೊಳ್ಳುವುದು ವಿವೇಕ. ತಟ್ಟುವುದು ಹೇಗೆ? ಮೇಲಿನ ಕಥೆಗಳಿಂದಲೇ ನಾಲ್ಕು ಪ್ರಶ್ನೆಗಳನ್ನು ಹೆಕ್ಕಬಹುದು. ಇದನ್ನು ಮೊದಲು ಹೇಳಿದವನು ಯಾರು, ಅವನು ಕಣ್ಣಾರೆ ಕಂಡನೋ ಕೇಳಿ ಹೇಳಿದನೋ? ಹಲವರು ಹೇಳುತ್ತಿದ್ದರೆ ಅವರೆಲ್ಲರ ಮೂಲ ಒಂದೇ ಅಲ್ಲವಷ್ಟೆ? ಕೇಳುತ್ತಿರುವವನು ಮೊದಲೇ ತೀರ್ಮಾನ ಮಾಡಿ, ಆಮೇಲೆ ಪುರಾವೆ ಹುಡುಕುತ್ತಿಲ್ಲವಷ್ಟೆ? ಎದುರಿನವನ ಉತ್ತರಕ್ಕೆ, ಪರೀಕ್ಷಕನ ಕೆಲಸಕ್ಕೆ ಸಮಯ ಕೊಟ್ಟರೇ? ಈ ನಾಲ್ಕು ತಟ್ಟಿಗೂ ಕಣಕಣನೆ ನಾದ ಬಂದರೆ ಮಾತು ಗಟ್ಟಿ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ರಾಷ್ಟ್ರರಕ್ಷಣೆಯ ಗುಟ್ಟುಗಳನ್ನು ಸಂತೆಯಲ್ಲಿ ಹರಡಲಾಗದೆಂಬುದನ್ನು ನಾವು ಬಲ್ಲೆವು. ಗಡಿಯಲ್ಲಿ ನಿಂತ ಯೋಧನ ಜೀವ ಕೆಲವು ಗುಟ್ಟುಗಳ ಮೇಲೆ ನಿಂತಿರುತ್ತದೆ. ಗುಟ್ಟನ್ನು ನಂಬಿ ಜನರು ಕೊಡುವ ಒಪ್ಪಿಗೆ ಒಂದು ಬಗೆಯ ಸಾಲ. ಸಾಲಕ್ಕೆ ಲೆಕ್ಕ ಒಪ್ಪಿಸುವ ದಿನ ಬರಲೇಬೇಕು. 1999ರ ಕಾರ್ಗಿಲ್ ಕದನದಲ್ಲಿ ಶತ್ರು ಒಳನುಗ್ಗಿದ್ದು ಸಕಾಲದಲ್ಲಿ ತಿಳಿಯಲಿಲ್ಲ. ಅದು ಸುದ್ದಿಯ ಅತಿಯಿಂದಲ್ಲ, ಸುದ್ದಿಯ ಕೊರತೆಯಿಂದಾದ ತಪ್ಪು. ಕದನ ಮುಗಿದ ಕೆಲವೇ ದಿನಗಳಲ್ಲಿ ಕೆ. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಸಮಿತಿ ನೇಮಕವಾಯಿತು. ಅದರ ವರದಿ 2000ದಲ್ಲಿ ಸಂಸತ್ತಿನ ಮುಂದೆ ಬಂದಿತು. ಕೆಲವು ಭಾಗಗಳನ್ನು ಗೋಪ್ಯವಾಗಿ ಇಟ್ಟುಕೊಂಡರೂ, ತಪ್ಪು ಎಲ್ಲಿ ಆಯಿತೆಂಬುದನ್ನು ನಾಡಿಗೆ ಹೇಳಲಾಯಿತು. ಅದರಿಂದ ನಮ್ಮ ಸೈನ್ಯದ ಗೌರವ ಕುಂದಲಿಲ್ಲ, ಹೆಚ್ಚಿತು. 1962ರ ಸೋಲಿನ ಬಗ್ಗೆ ಮರುವರ್ಷವೇ ಸಿದ್ಧವಾದ ವರದಿಯನ್ನು ದಶಕಗಳ ಕಾಲ ಪ್ರಕಟಿಸದೆ ಇಟ್ಟುದರಿಂದ ಊಹಾಪೋಹಗಳಷ್ಟೇ ಬೆಳೆದವು. ಲೆಕ್ಕ ಕೊಟ್ಟವನಿಗೆ ಮತ್ತೆ ಸಾಲ ಹುಟ್ಟುತ್ತದೆ.

ಕೊನೆಯದಾಗಿ ನಮ್ಮ ಪಾಲಿನ ಹೊಣೆ. ಯುದ್ಧದ ಹೊತ್ತಿನಲ್ಲಿ ಸುಳ್ಳು ಹುಟ್ಟುವುದು ಅರಮನೆಗಳಲ್ಲಿ ಮಾತ್ರವಲ್ಲ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಘರ್ಷಣೆ ನಡೆದಾಗ, ಕರಾಚಿ ಬಂದರು ನಾಶವಾಯಿತೆಂಬ ಸುದ್ದಿ ಕೆಲವು ದೂರದರ್ಶನ ವಾಹಿನಿಗಳಲ್ಲಿ ಬಂದಿತು. ಅದು ನಿಜವಾಗಿರಲಿಲ್ಲ. ಆ ಸುದ್ದಿಯನ್ನು ಮೊಬೈಲಿನಲ್ಲಿ ಮನೆಯಿಂದ ಮನೆಗೆ ಹಂಚಿದವರು ನಾವೇ. ಗಡಿಯಲ್ಲಿ ಮಗನಿರುವ ತಾಯಿ ಅಂಥ ಸುದ್ದಿಯನ್ನು ಓದಿ ಎಷ್ಟು ಹೊತ್ತು ನಿದ್ದೆಗೆಟ್ಟಳೆಂದು ಹಂಚಿದ ಬೆರಳು ಯೋಚಿಸಲಿಲ್ಲ. ಅಂತೆಕಂತೆಗಳ ಸಂತೆಯಲ್ಲಿ ನಾವು ಬರಿಯ ಗಿರಾಕಿಗಳಲ್ಲ, ವ್ಯಾಪಾರಿಗಳೂ ಆಗಿದ್ದೇವೆ. ಆಳುವವರು ಪುರಾವೆಯಿಲ್ಲದೆ ಮಾತನಾಡಬಾರದೆಂದು ಕೇಳುವ ಹಕ್ಕು, ತಾನು ಪುರಾವೆಯಿಲ್ಲದ ಮಾತನ್ನು ದಾಟಿಸದ ಮನೆಗೆ ಮಾತ್ರ ಪೂರ್ಣವಾಗಿ ಇದೆ.

ಶ್ರೀರಂಗಪಟ್ಟಣಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಬಂಧುಗಳು ಕೋಟೆಯ ಒಡೆದ ಗೋಡೆಯನ್ನು ತೋರಿಸಿ, ಇಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದನ್ನಷ್ಟೇ ಹೇಳಿ ಮುಂದೆ ಸಾಗದಿರಲಿ. 10,000 ಸೈನಿಕರ ಕಥೆಯನ್ನೂ, ಮಂಗಳೂರಿಗೆ ಬಂದಿಳಿದ ನೂರಕ್ಕಿಂತ ಕಡಿಮೆ ಜನರ ಲೆಕ್ಕವನ್ನೂ ಹೇಳಲಿ. ಹಿಂದಿರುಗಿ ಬರುವಾಗ ಕುಂಬಾರಕೊಪ್ಪಲಿನ ಹೆಸರು ಕಂಡರೆ, ಅಜ್ಜಿಯರು ಮಡಕೆ ತಟ್ಟುತ್ತಿದ್ದ ಬಗೆಯನ್ನೂ ಕಲಿಸಿಕೊಡಲಿ. ಮಣ್ಣು ತುಳಿದು, ತಿಗರಿ ತಿರುಗಿಸಿ, ಒಣಗಿಸಿ, ಆವಿಗೆಯಲ್ಲಿ ಬೇಯಿಸಿ ಮಾಡಿದ್ದು ಒಡೆದರೆ ಮತ್ತೆ ಕೂಡುವುದಿಲ್ಲ. ಮನೆಯೂ ಹಾಗೆಯೇ, ನಾಡೂ ಹಾಗೆಯೇ, ನಂಬಿಕೆಯೂ ಹಾಗೆಯೇ.